ಕೂಸುಗಳ ವಾರ್ಡಿನ ಹೊರಗೆ

ಡಿಸೆಂಬರ್ 27, 2007. ಗುರುವಾರ

ಊಟ ಸೇರಲಿಲ್ಲ. ಇವರು "ಮೊಸರನ್ನನಾದ್ರೂ ತಿನ್ನು ಜಯಾ" ಅಂದರು. ತಟ್ಟೆ ಸರಿಸಿ ಎದ್ದುಬಂದೆ.

ವಾರ್ಡಿನಲ್ಲಿ ಮೂರು ದಿನದ ಹಿಂದೆ ಇನ್ನೊಂದು ಕೂಸಿಗೆ ಹೊಕ್ಕುಳಿನ ಸುತ್ತ ಕೆಂಪೇರಿ ಕೀವು ಕಟ್ಟಿತ್ತು. ಈ ತಿಂಗಳಿನಲ್ಲಿ ಇದು ನಾಲ್ಕನೆಯದು. ಮೊದಲನೆಯದು ಉಳಿಯಲಿಲ್ಲ, ಸೋಂಕು ರಕ್ತಕ್ಕೇ ಇಳಿದುಬಿಟ್ಟಿತ್ತು. ಮಧ್ಯಾಹ್ನ ಲ್ಯಾಬಿನ ಡಾಕ್ಟರ್ ವಿಜಯಶ್ರೀ ತಾವೇ ಮೇಲೆ ಹತ್ತಿ ಬಂದರು. ನಾಲ್ಕೂ ಕೂಸುಗಳಲ್ಲಿ ಸಿಕ್ಕಿರುವುದು ಒಂದೇ ರೋಗಾಣುವಂತೆ, ಎಂ.ಆರ್.ಎಸ್.ಎ. ನಾವು ದಿನಾ ಕೊಡುವ ಔಷಧಿಗಳಿಗೆ ಅದು ಬಗ್ಗುವುದಿಲ್ಲ. ಬಗ್ಗುವ ಔಷಧಿ ಒಂದೋ ಎರಡೋ ಉಳಿದಿವೆ. ಅವನ್ನು ಎರಡು ಕೆಜಿ ತೂಕದ ಕೂಸಿಗೆ ಕೊಡುವಾಗ ಅಳತೆಯನ್ನು ಮೂರು ಸಲ ನೋಡುತ್ತೇವೆ.

"ಇದು ತಾನಾಗೇ ಬರೋದಲ್ಲ ಸಿಸ್ಟರ್. ಯಾರದೋ ಕೈಯಲ್ಲಿ ಬರ್ತಿದೆ," ಅಂದರು ಡಾಕ್ಟರ್. "ಕೆಲವರ ಮೂಗಲ್ಲಿ ಅದು ಸುಮ್ನೆ ಕೂತಿರುತ್ತೆ. ಅವರಿಗೆ ನೆಗಡಿ ಕೂಡ ಆಗಲ್ಲ. ಮೂಗು ಮುಟ್ಕೋತಾರೆ, ಆಮೇಲೆ ಮಗೂನ ಮುಟ್ತಾರೆ, ಅಷ್ಟೇ. ವಾರ್ಡಿಗೆ ಬರೋರೆಲ್ಲರ ಮೂಗಿಂದ ಸ್ವ್ಯಾಬ್ ತಗೋಳೋಣ."

ಹತ್ತಿ ಸುತ್ತಿದ ಕಡ್ಡಿ ಹಿಡಿದು ನಾನೇ ನಿಂತೆ. ನರ್ಸುಗಳು, ಆಯಾಗಳು, ನೆಲ ಒರೆಸುವವರು, ಒಬ್ಬರನ್ನೂ ಬಿಡಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಆದವಳು ಮೊದಲು ತೋರಿಸಬೇಕು ಎಂದು ನನ್ನದನ್ನೇ ಮೊದಲು ತೆಗೆಸಿದೆ. ಡಾಕ್ಟರುಗಳದು ಆಗಲಿಲ್ಲ. ವಾರ್ಡಿನ ಮುಖ್ಯಸ್ಥರು ಡಾಕ್ಟರ್ ವೆಂಕಟಗಿರಿ, "ನಮಗೆಲ್ಲಿ ಟೈಮಿದೆ ಸಿಸ್ಟರ್, ಮೊದಲು ನಿಮ್ಮವರದು ನೋಡಿ" ಎಂದು ರೌಂಡ್ಸಿಗೆ ಹೊರಟರು. ಅದೂ ಸರಿಯೇ. ಹೊಸದಾಗಿ ಸೇರಿದ ಆಯಾ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಸದಾ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾಳೆ. ಯಾರೆಂದು ಗೊತ್ತಾಗಲಿ, ಎಲ್ಲರ ಮುಂದೆ ನಿಲ್ಲಿಸಿ ಹೇಳುತ್ತೇನೆ. ಕೂಸುಗಳ ವಾರ್ಡಿಗೆ ಅಂಥವರು ಬೇಡ.

ಡಿಸೆಂಬರ್ 31, ಸೋಮವಾರ

ಡಾಕ್ಟರ್ ವಿಜಯಶ್ರೀ ಲ್ಯಾಬಿಗೆ ಕರೆಸಿ ಬಾಗಿಲು ಹಾಕಿಕೊಂಡರು. "ಒಬ್ಬರದು ಪಾಸಿಟಿವ್ ಬಂದಿದೆ" ಎಂದರು.

"ಆ ಹೊಸ ಆಯಾನಾ?"

"ನಿಮ್ಮದು, ಸಿಸ್ಟರ್."

ಇನ್ನೊಂದು ಸಲ ನೋಡಿ ಎಂದೆ. ಎರಡು ಸಲ ನೋಡಿಯೇ ಕರೆಸಿದ್ದಾರೆ. "ಇದು ಯಾರ ತಪ್ಪೂ ಅಲ್ಲ, ಇಷ್ಟು ವರ್ಷ ವಾರ್ಡಲ್ಲಿದ್ರೆ ಯಾರಿಗಾದ್ರೂ ಬರಬಹುದು" ಎಂದು ಏನೇನೋ ಹೇಳಿದರು. ನನಗೆ ಕೇಳಿಸುತ್ತಿದ್ದದ್ದು ಆಚೆ ಯಂತ್ರದ ಗುರ್ ಎಂಬ ಸದ್ದು ಮಾತ್ರ. ಮೂಗಿಗೆ ಮುಲಾಮು, ಮೈಗೆ ಔಷಧಿಯ ದ್ರಾವಣದ ಸ್ನಾನ. ಸ್ವ್ಯಾಬಿನಲ್ಲಿ ಬೆನ್ನುಬೆನ್ನಿಗೆ ಮೂರು ಸಲ 'ಇಲ್ಲ' ಎಂದು ಬರುವವರೆಗೆ ವಾರ್ಡಿಗೆ ಕಾಲಿಡುವ ಹಾಗಿಲ್ಲ.

ಬ್ಯಾಗ್ ತರಲು ಮೇಲೆ ಹೋಗುವ ಧೈರ್ಯವಾಗಲಿಲ್ಲ. ಸುವರ್ಣಾ ಕೆಳಗೆ ತಂದುಕೊಟ್ಟಳು. ಇಳಕಲ್ ಕಡೆಯ ಹುಡುಗಿ, ನಾನೇ ತಿದ್ದಿ ತೀಡಿದವಳು. ಬ್ಯಾಗನ್ನು ನೆಲದ ಮೇಲಿಟ್ಟು ಹಿಂದೆ ಸರಿದು ನಿಂತಳು. ಅವಳಿಗೆ ಹಾಗೆ ಕಲಿಸಿದವಳೂ ನಾನೇ.

ಹಿಂದಿನ ಗೇಟಿನಿಂದ ಹೊರಗೆ ಬಂದೆ. ಆ ಮೊದಲ ಕೂಸಿಗೆ ಕೊನೆಯಲ್ಲಿ ಬಟ್ಟೆ ಸುತ್ತಿದವಳು ನಾನು.

ಜನವರಿ 2, 2008. ಬುಧವಾರ

ಐಶ್ವರ್ಯಾಳ ಹಳೆಯ ಓದುವ ಕೋಣೆ ಈಗ ನನ್ನದು. ಹೆರಿಗೆಗೆಂದು ಹುಬ್ಬಳ್ಳಿಯಿಂದ ಬಂದಿರುವ ಮಗಳು ನಡುಮನೆಯಲ್ಲಿ ಓಡಾಡಿಕೊಂಡಿದ್ದಾಳೆ, ನಾನು ಬಾಗಿಲು ಹಾಕಿಕೊಂಡು ಒಳಗಿದ್ದೇನೆ. ತಟ್ಟೆ, ಲೋಟ, ಟವೆಲು, ಹೊದಿಕೆ ಎಲ್ಲ ಬೇರೆ. ಯಾರೂ ಹಾಗೆ ಮಾಡು ಅನ್ನಲಿಲ್ಲ. ಡಾಕ್ಟರ್ ವಿಜಯಶ್ರೀ ಫೋನಿನಲ್ಲಿ, "ಮನೇಲಿ ಆರೋಗ್ಯವಾಗಿರೋರಿಗೆ ಇದರಿಂದ ಅಷ್ಟು ಭಯ ಇಲ್ಲ, ಕೈ ತೊಳ್ಕೊಂಡು ಎಲ್ಲರ ಜೊತೆ ಇರಿ" ಎಂದರು. ಅವರು ನೋಡುವುದು ಗಾಜಿನ ತಟ್ಟೆಯಲ್ಲಿ ಬೆಳೆದ ಚುಕ್ಕೆಗಳನ್ನು. ಆ ಚುಕ್ಕೆ ಕೂಸಿನ ಮೈಯಲ್ಲಿ ಏನು ಮಾಡುತ್ತದೆಂದು ನೋಡಿದವಳು ನಾನು.

ಸಂಜೆ ಐಶ್ವರ್ಯಾ ಬಾಗಿಲು ತಟ್ಟಿದಳು. "ಅಮ್ಮ, ಒದೀತಿದೆ ನೋಡು ಬಾ, ಕೈ ಇಡು." "ಆಮೇಲೆ ಬರ್ತೀನಿ, ತಲೆ ನೋವು" ಎಂದೆ. ಅವಳು ಬಾಗಿಲ ಆಚೆ ಸ್ವಲ್ಪ ಹೊತ್ತು ನಿಂತೇ ಇದ್ದಳು. ಚಪ್ಪಲಿಯ ಸದ್ದು ಅಡುಗೆಮನೆಯ ಕಡೆ ಹೋದ ಮೇಲೆ ಉಸಿರು ಬಿಟ್ಟೆ. ಉಸಿರು ಬಿಡುವುದಕ್ಕೂ ಈಗ ಯೋಚನೆ ಮಾಡುತ್ತೇನೆ.

ಜನವರಿ 5, ಶನಿವಾರ

ಮುಲಾಮು ಹಚ್ಚಿದೆ. ಸ್ನಾನ ಮಾಡಿದೆ. ಕೈ ತೊಳೆದೆ. ಮತ್ತೆ ತೊಳೆದೆ. ಬೆರಳ ಸಂದಿಯಲ್ಲಿ ಚರ್ಮ ಸೀಳಿದೆ.

ಜನವರಿ 9, ಬುಧವಾರ

ಮೊನ್ನೆ ಕೊಟ್ಟ ಸ್ವ್ಯಾಬಿನ ಫಲಿತಾಂಶ ಬಂತು. ಇನ್ನೂ ಇದೆ.

ಇವರು ಹೊಸಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ವಿದ್ಯುತ್ ಮಂಡಳಿಯಲ್ಲಿದ್ದ ಕಾಲದಿಂದಲೂ ಇವರಿಗೆ ಯಾವುದೂ ಅವಸರವಿಲ್ಲ. "ಕಂಬದಲ್ಲಿ ಫಾಲ್ಟ್ ಬಂದ್ರೆ ಕಂಬನ ಬೈತೀವಾ? ಹುಡುಕಿ ಸರಿ ಮಾಡ್ತೀವಿ. ನೀನ್ಯಾಕೆ ಜೈಲಲ್ಲಿ ಕೂತಂಗೆ ಕೂತಿದೀಯ?" ಎಂದರು. ಕಂಬವನ್ನು ಸರಿ ಮಾಡುವವರೆಗೆ ಲೈನ್ ಕತ್ತರಿಸುತ್ತಾರಲ್ಲ, ನನ್ನನ್ನೂ ಹಾಗೇ ಕತ್ತರಿಸಿದ್ದಾರೆ ಎಂದೆ. ಅವರು ಕುರ್ಚಿ ಎತ್ತಲಿಲ್ಲ, ಅಲ್ಲೇ ಕೂತು ಪೇಪರ್ ಓದಿದರು.

ಸುವರ್ಣಾ ಫೋನ್ ಮಾಡಿದ್ದಳು. ಸೋಮವಾರದ ಮೀಟಿಂಗಿನಲ್ಲಿ ಡಾಕ್ಟರ್ ವೆಂಕಟಗಿರಿ ಆಸ್ಪತ್ರೆ ನಡೆಸುವ ಟ್ರಸ್ಟಿನವರಿಗೆ ಹೇಳಿದರಂತೆ: ಸೋಂಕಿನ ಮೂಲ ಸಿಕ್ಕಿದೆ, ಹೊರಗೆ ಕಳಿಸಿದ್ದೇವೆ, ಇನ್ನು ವಾರ್ಡ್ ಕ್ಲೀನ್. ಮೂಲ ಎಂದರೆ ನಾನು. ಹೆಸರು ಹೇಳಲಿಲ್ಲವಂತೆ. ಯಾಕೆ ಹೇಳಬೇಕು, ಖಾಲಿ ಕುರ್ಚಿ ಎಲ್ಲರಿಗೂ ಕಾಣುತ್ತಿರಲಿಲ್ಲವೇ.

ಇರಲಿ. ಕೂಸುಗಳು ಚೆನ್ನಾಗಿದ್ದರೆ ಸಾಕು.

ಜನವರಿ 12, ಶನಿವಾರ

ಸುವರ್ಣಾ ಮತ್ತೆ ಫೋನ್ ಮಾಡಿದಳು. ಮೆಟ್ಟಿಲ ಕೆಳಗಿನಿಂದ ಮಾತಾಡುತ್ತಿದ್ದಳೇನೋ, ದನಿ ತಗ್ಗಿತ್ತು. ಗಾಬರಿಯಾದಾಗ ಅವಳಿಗೆ ಊರಿನ ಮಾತೇ ಬರುತ್ತದೆ.

"ಇನ್ನೊಂದು ಕೂಸಿಗೆ ಬಂದೈತ್ರಿ ಸಿಸ್ಟರ್. ಪಾರವ್ವ ಅಂತ, ಬ್ಯಾಡರಹಳ್ಳಿಯಿಂದ ಬಂದಾಕಿ. ನಾಕ ದಿನದ ಕೂಸು. ಹಾಲು ಕುಡಿವಲ್ದು, ಮೈಯೆಲ್ಲಾ ತಣ್ಣಗಾಗೇತಿ. ಲ್ಯಾಬಿನ್ಯಾಗ ಅದ ಬಂತ್ರಿ."

ನಾಲ್ಕು ದಿನದ ಕೂಸು. ನಾನು ಮನೆಗೆ ಬಂದಮೇಲೆ ಹುಟ್ಟಿದ್ದು. ನಾನು ಅದನ್ನು ನೋಡಿಯೂ ಇಲ್ಲ.

ನಾನಲ್ಲ! ಮೊದಲು ಬಂದ ಯೋಚನೆ ಇದೇ. ಫೋನ್ ಇಟ್ಟು ಗೋಡೆಗೆ ಒರಗಿ ನಕ್ಕುಬಿಟ್ಟೆ. ಆಮೇಲೆ ಆ ಕೂಸಿನ ತಣ್ಣಗಾದ ಮೈ ನೆನಪಾಯಿತು. ನಗು ನಿಂತಿತು.

ಇನ್ಯಾರದೋ ಮೂಗಿನಲ್ಲಿ ಅದು ಕೂತಿದೆ. ನರ್ಸುಗಳದೆಲ್ಲ ಪರೀಕ್ಷೆಯಾಗಿದೆ. ಆಗಿಲ್ಲದಿರುವುದು ಡಾಕ್ಟರುಗಳದು. ಇದನ್ನು ಹೇಳುವವರು ಯಾರು? ಡಾಕ್ಟರ್ ವಿಜಯಶ್ರೀ ಡಾಕ್ಟರ್ ವೆಂಕಟಗಿರಿಯವರನ್ನು ಎರಡು ಸಲ ಕೇಳಿದರಂತೆ, ಮೂಲ ಸಿಕ್ಕಿದೆಯಲ್ಲ ಎಂಬ ಉತ್ತರ ಬಂತಂತೆ. ನಾನು ಹೇಳಿದರೆ, ತನ್ನ ಮೇಲಿನ ಆರೋಪ ತಪ್ಪಿಸಿಕೊಳ್ಳಲು ಹೇಳುತ್ತಿದ್ದಾಳೆ ಅನ್ನುತ್ತಾರೆ.

ಐಶ್ವರ್ಯಾಳ ಹೆರಿಗೆಗೆ ನಮ್ಮ ಆಸ್ಪತ್ರೆಯಲ್ಲೇ ಹೆಸರು ಬರೆಸಿತ್ತು. ಸಂಜೆ ಬಾಗಿಲ ಆಚೆಯಿಂದಲೇ ಇವರಿಗೆ ಹೇಳಿದೆ: "ವಿಜಯನಗರದಲ್ಲಿ ಬೇರೆ ನರ್ಸಿಂಗ್ ಹೋಮ್ ನೋಡಿ." ಯಾಕೆ ಎಂದು ಕೇಳಲಿಲ್ಲ. ಚಪ್ಪಲಿ ಮೆಟ್ಟಿ ಹೊರಟರು.

ಮಗಳ ಚಿಂತೆ ತಪ್ಪಿತು. ಮಲಗಬೇಕು.

ಜನವರಿ 15, ಮಂಗಳವಾರ. ಸಂಕ್ರಾಂತಿ

ಪಕ್ಕದ ಮನೆಯ ಶಿವಗಂಗಮ್ಮ ಎಳ್ಳು ಬೀರಲು ಬಂದರು, ಜೊತೆಗೆ ಸೊಸೆ. ಆ ಹುಡುಗಿಯೂ ಬಸುರಿ, ಆರು ತಿಂಗಳು ತುಂಬಿದೆಯಂತೆ. ರೇಷ್ಮೆ ಸೀರೆ, ಕೈತುಂಬ ಹಸಿರು ಬಳೆ. ನಾನು ಕೋಣೆಯ ಬಾಗಿಲಲ್ಲೇ ನಿಂತು ಮಾತಾಡಿಸಿದೆ. ಎಳ್ಳಿನ ಪೊಟ್ಟಣವನ್ನು ಐಶ್ವರ್ಯಾ ತೆಗೆದುಕೊಂಡಳು.

"ಹುಷಾರಿಲ್ವಾ ಜಯದೇವಮ್ಮಾ?"

"ಸ್ವಲ್ಪ ನೆಗಡಿ."

"ನೋಡಿ, ನಮ್ಮ ಹುಡುಗೀನ ನಿಮ್ಮ ಆಸ್ಪತ್ರೆಗೇ ತೋರಿಸ್ತಾ ಇದೀವಿ. ನೀವಿದೀರಲ್ಲ ಅನ್ನೋ ಧೈರ್ಯ. ಮಗೂನ ವಾರ್ಡಲ್ಲಿ ಇಡಬೇಕಾಗಿ ಬಂದ್ರೂ ನೀವೇ ನೋಡ್ಕೋತೀರ ಅಂತ ನನ್ನ ಮಗನಿಗೂ ಹೇಳಿದೀನಿ. ಆಸ್ಪತ್ರೆ ಚೆನ್ನಾಗಿದೆ ತಾನೆ?"

ಆ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಚೆನ್ನಾಗಿದೆ," ಎಂದೆ.

ಐಶ್ವರ್ಯಾ ತಟ್ಟನೆ ತಿರುಗಿ ನನ್ನನ್ನು ನೋಡಿದಳು. ಅವರು ಹೋದಮೇಲೆ ಎಳ್ಳು ಬೆಲ್ಲವನ್ನು ಒಂದು ಬಟ್ಟಲಿಗೆ ಹಾಕಿ ನನ್ನ ಬಾಗಿಲ ಬಳಿ ಇಟ್ಟು ಹೋದಳು. ಬಟ್ಟಲು ಇನ್ನೂ ಅಲ್ಲೇ ಇದೆ.

ಜನವರಿ 16, ಬುಧವಾರ

ಬೆಳಗ್ಗೆ ಸ್ನಾನ ಮಾಡಿ, ಮುಲಾಮು ಹಚ್ಚಿ, ಕೈ ತೊಳೆದು, ಮಾಸ್ಕ್ ಕಟ್ಟಿಕೊಂಡು ಮೊದಲು ಪಕ್ಕದ ಮನೆಯ ಗೇಟಿಗೆ ಹೋದೆ. ಶಿವಗಂಗಮ್ಮ ರಂಗೋಲಿ ಹಾಕುತ್ತಿದ್ದರು.

"ನಿನ್ನೆ ನಾನು ಸುಳ್ಳು ಹೇಳಿದೆ," ಎಂದೆ. "ಕೂಸುಗಳ ವಾರ್ಡಲ್ಲಿ ಒಂದು ಸೋಂಕು ಹರಡಿದೆ. ಔಷಧಿಗೆ ಬಗ್ಗಲ್ಲ. ಅದು ನಿಲ್ಲೋವರೆಗೂ ಅಲ್ಲಿಗೆ ಬೇಡ. ನನಗೆ ನೆಗಡಿ ಅಲ್ಲ, ನನ್ನ ಮೂಗಲ್ಲೂ ಅದೇ ಇದೆ. ಅದಕ್ಕೇ ಮನೇಲಿದೀನಿ."

ರಂಗೋಲಿ ಪುಡಿ ಅವರ ಬೆರಳಿನಿಂದ ಸುರಿಯುತ್ತಲೇ ಇತ್ತು. ಎದ್ದವರೇ ಎರಡು ಹೆಜ್ಜೆ ಹಿಂದೆ ಹೋದರು. "ಒಳಗೋಗಮ್ಮ ನೀನು," ಎಂದು ಬಾಗಿಲಲ್ಲಿದ್ದ ಸೊಸೆಗೆ ಕೂಗಿದರು. "ನಿನ್ನೆ ಮನೆ ತನಕ ಬಂದಾಗ ಹೇಳಕ್ಕೇನಾಗಿತ್ತು ನಿಮಗೆ?" ಅವರು ಗೇಟಿನ ಚಿಲಕ ಹಾಕಿಕೊಂಡರು.

ಅಲ್ಲಿಂದ ಆಟೋ ಹಿಡಿದು ಆಸ್ಪತ್ರೆಗೆ. ಮುಂದಿನ ಗೇಟಿನಿಂದಲೇ ಹೋದೆ. ವಾರ್ಡಿನ ಒಳಗೆ ಹೋಗಲಿಲ್ಲ, ಹೊರಗಿನ ಬೆಂಚಿನ ಬಳಿ ನಿಂತೆ. ನನ್ನ ಹುಡುಗಿಯರು ಗಾಜಿನ ಆಚೆಯಿಂದ ನೋಡಿದರು. ಒಬ್ಬಳು ಕೈ ಎತ್ತಿದಳು, ಇನ್ನೊಬ್ಬಳು ಅವಳ ಕೈ ಇಳಿಸಿದಳು. ಬೆಂಚಿನ ತುದಿಯಲ್ಲಿ ಒಬ್ಬ ಬಾಣಂತಿ ತಲೆಗೆ ಬಟ್ಟೆ ಕಟ್ಟಿಕೊಂಡು ವಾರ್ಡಿನ ಬಾಗಿಲನ್ನೇ ನೋಡುತ್ತಾ ಕೂತಿದ್ದಳು. ಪಾರವ್ವ ಇರಬೇಕು. ಕೇಳಲಿಲ್ಲ.

ಡಾಕ್ಟರ್ ವೆಂಕಟಗಿರಿ ರೌಂಡ್ಸ್ ಮುಗಿಸಿ ಹೊರಗೆ ಬಂದರು. ಕಣ್ಣು ಕೆಂಪಗಿತ್ತು. ರಾತ್ರಿಯೆಲ್ಲ ಇಲ್ಲೇ ಇದ್ದರೇನೋ. ಈ ಮನುಷ್ಯ ಕೂಸುಗಳಿಗಾಗಿ ಜೀವ ತೇಯುವುದನ್ನು ಹದಿನೆಂಟು ವರ್ಷದಿಂದ ನೋಡುತ್ತಿದ್ದೇನೆ. ಅದಕ್ಕೇ ಬಾಯಿ ತೆರೆಯುವುದು ಕಷ್ಟವಾಯಿತು.

"ನೀವಿಲ್ಲಿ ಬರಬಾರದಿತ್ತು ಸಿಸ್ಟರ್."

"ಒಳಗೆ ಬರಲ್ಲ ಸಾರ್. ನಾನು ಹೋದ್ಮೇಲೆ ಹುಟ್ಟಿದ ಕೂಸಿಗೆ ಬಂದಿದೆ ಅಂದ್ರೆ, ನಾನೊಬ್ಬಳೇ ಅಲ್ಲ. ಡಾಕ್ಟರುಗಳ ಸ್ವ್ಯಾಬ್ ಆಗಬೇಕು. ಎಕ್ಸ್‌ರೇ ತೆಗೆಯೋರದು, ರಕ್ತ ತೆಗೆಯೋರದು, ಎಲ್ಲಾರ್ದೂ. ಅಲ್ಲೀವರೆಗೆ ಹೊಸ ಕೂಸುಗಳನ್ನ ತಗೋಬಾರದು."

"ವಾರ್ಡ್ ಮುಚ್ಚೋದಾ? ಬೇರೆ ಕಡೆ ಹೋಗೋ ದಾರೀಲೇ ಸಾಯ್ತವೆ ಕೆಲವು. ನಿಮಗೆ ಗೊತ್ತಿಲ್ವಾ?"

"ಗೊತ್ತು ಸಾರ್. ಇಲ್ಲಿ ಬಂದೂ ಒಂದು ಹೋಯ್ತಲ್ಲ."

ಅವರ ದನಿ ಏರಿತು. "ನಿಮ್ಮ ಮೇಲೆ ಬಂದಿರೋದನ್ನ ಎಲ್ಲರ ಮೇಲೂ ಹಾಕೋಕೆ ಬಂದಿದೀರಾ?"

ಇದು ಬರುತ್ತದೆಂದು ಗೊತ್ತಿತ್ತು. ಆದರೂ ಬೆಂಚಿನ ಹಿಂಬದಿ ಹಿಡಿದುಕೊಳ್ಳಲು ಹೋಗಿ, ಮುಟ್ಟಬಾರದೆಂದು ಕೈ ಹಿಂದಕ್ಕೆಳೆದುಕೊಂಡೆ.

"ನನ್ನ ಮೇಲೆ ಬಂದಿರೋದು ನನ್ನ ಮೇಲೇ ಇರಲಿ ಸಾರ್. ಆ ಮೊದಲನೇ ಕೂಸಿಗೆ ನನ್ನಿಂದಲೇ ಬಂದಿರಬಹುದು, ಇಲ್ಲ ಅನ್ನಲ್ಲ. ಆದ್ರೆ ನನ್ನ ಮಗಳನ್ನ ನಾನು ಇಲ್ಲಿಗೆ ಕರ್ಕೊಂಡ್ ಬರ್ತಿಲ್ಲ. ಬೇರೆ ಕಡೆ ಬರೆಸಿದೀವಿ. ಪಕ್ಕದ ಮನೆಯವರಿಗೂ ಬೇಡ ಅಂತ ಈಗ ಹೇಳಿ ಬಂದೆ. ಯಾರು ಕೇಳಿದ್ರೂ ಹೇಳ್ತೀನಿ."

"ನಿಮ್ಮ ಮಗಳನ್ನೇ ಕರ್ಕೊಂಡ್ ಬರ್ತಿಲ್ವಾ?"

"ಇಲ್ಲ ಸಾರ್."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಗಾಜಿನ ಆಚೆ ಕೆಲಸ ನಿಂತುಹೋಗಿತ್ತು. ಕನ್ನಡಕ ಹಾಕಿಕೊಂಡು ಮೆಲ್ಲಗೆ, "ನನ್ನ ಮೂಗಲ್ಲೇ ಸಿಕ್ಕಿದ್ರೆ?" ಎಂದರು.

"ಸಿಕ್ಕಿದ್ರೆ ನನ್ನ ಹಾಗೆ ಮನೇಲಿ ಕೂತ್ಕೋತೀರಿ. ಕಷ್ಟ. ಆದ್ರೆ ಸಾಯಲ್ಲ ಸಾರ್."

ಅವರು ಮೆಟ್ಟಿಲಿಳಿದು ಲ್ಯಾಬಿನ ಕಡೆ ಹೋದರು. ನಾನು ಅಲ್ಲೇ ನಿಂತಿದ್ದೆ. ಬಾಣಂತಿ ಬಟ್ಟೆಯ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಳು. ಎಷ್ಟು ಕೇಳಿಸಿತೋ, ಎಷ್ಟು ಅರ್ಥವಾಯಿತೋ.

ಮನೆಗೆ ಬಂದು ಕೋಣೆ ಸೇರಿದ್ದೇನೆ. ಮೈ ಕೈ ನೋವು. ಕೆಲಸ ಉಳಿಯುತ್ತದೋ ಇಲ್ಲವೋ.

ಜನವರಿ 19, ಶನಿವಾರ

ಹೊಸ ಕೂಸುಗಳನ್ನು ತೆಗೆದುಕೊಳ್ಳುವುದು ನಿಲ್ಲಿಸಿದ್ದಾರೆ. ಸೋಂಕಿರುವ ಕೂಸುಗಳಿಗೆ ಬೇರೆ ನರ್ಸುಗಳು, ಬೇರೆ ಕೋಣೆ. ಒಂದೊಂದು ತೊಟ್ಟಿಲಿಗೂ ಕೈ ಉಜ್ಜುವ ದ್ರಾವಣದ ಒಂದೊಂದು ಬಾಟಲಿ.

ಶಿವಗಂಗಮ್ಮ ನಮ್ಮ ಕಾಂಪೌಂಡಿನ ಕಡೆಯ ಕಿಟಕಿ ತೆಗೆಯುತ್ತಿಲ್ಲ. ಬೀದಿಯಲ್ಲಿ ಎಲ್ಲರಿಗೂ ಗೊತ್ತಾಗಿದೆ. ಹೂವಿನವಳು ಗೇಟಿನಲ್ಲೇ ಹೂವು ಸಿಕ್ಕಿಸಿ ಹೋಗುತ್ತಾಳೆ. ಕಿಟಕಿಯ ಸರಳುಗಳ ಆಚೆ ಮಕ್ಕಳು ಕ್ರಿಕೆಟ್ ಆಡುತ್ತಾರೆ. ಚೆಂಡು ನಮ್ಮ ಅಂಗಳಕ್ಕೆ ಬಿದ್ದರೆ ತೆಗೆದುಕೊಳ್ಳಲು ಬರುವುದಿಲ್ಲ, ಹೊಸ ಚೆಂಡು ತರುತ್ತಾರೆ. ಇವರು ಬಿದ್ದಿದ್ದನ್ನೆಲ್ಲ ಆಚೆ ಎಸೆಯುತ್ತಾರೆ. ಅವು ರಸ್ತೆಯಲ್ಲೇ ಬಿದ್ದಿರುತ್ತವೆ.

ಜನವರಿ 22, ಮಂಗಳವಾರ

ಡಾಕ್ಟರುಗಳೂ ಸೇರಿ ಉಳಿದವರೆಲ್ಲರ ಸ್ವ್ಯಾಬಿನ ಫಲಿತಾಂಶ ಬಂದಿದೆಯಂತೆ. ಇಬ್ಬರಿಗಿದೆ. ಯಾರೆಂದು ಡಾಕ್ಟರ್ ವಿಜಯಶ್ರೀ ಯಾರಿಗೂ ಹೇಳಿಲ್ಲ, ಆ ಇಬ್ಬರಿಗೆ ಬಿಟ್ಟು. ಸುವರ್ಣಾ ಫೋನಿನಲ್ಲಿ, "ಯಾರಿರಬೌದ್ರಿ ಸಿಸ್ಟರ್, ನಿಮಗೇನರ ಗೊತ್ತೈತೇನ್ರಿ?" ಎಂದು ಕೇಳಿದಳು.

"ಯಾರಾದ್ರೇನು? ಅವರು ಬ್ಯಾಗ್ ತಗೊಂಡು ಹೋಗ್ವಾಗ ಕೈಗೆ ಕೊಡು, ನೆಲದ ಮೇಲಿಡಬೇಡ. ಆಮೇಲೆ ನಿನ್ನ ಕೈ ತೊಳ್ಕೋ, ಅಷ್ಟೇ," ಎಂದೆ.

"ಆಯ್ತ್ರಿ ಸಿಸ್ಟರ್," ಎಂದಳು.

ಪಾರವ್ವನ ಕೂಸು ಇನ್ನೂ ಕಣ್ಣು ಬಿಟ್ಟಿಲ್ಲ. ಎರಡನೇ ಔಷಧಿ ಶುರು ಮಾಡಿದ್ದಾರೆ.

ಜನವರಿ 24, ಗುರುವಾರ

ಮಧ್ಯಾಹ್ನ ಮನೆಯ ಫೋನ್ ರಿಂಗಾಯಿತು. ಇವರು ತಂತಿ ಎಳೆದು ಕೋಣೆಯ ತನಕ ತಂದುಕೊಟ್ಟರು. ಡಾಕ್ಟರ್ ವೆಂಕಟಗಿರಿ. ಹಿಂದೆ ಟೀವಿಯ ಸದ್ದು, ಯಾರೋ ಕುಕ್ಕರ್ ಇಳಿಸುವ ಸದ್ದು. ಆ ಹೊತ್ತಿನಲ್ಲಿ ಅವರು ಮನೆಯಲ್ಲಿದ್ದದ್ದು ನನಗೆ ನೆನಪೇ ಇಲ್ಲ.

ಸುಮ್ಮನೆ ಏನೇನೋ ಮಾತಾಡಿದರು. ಕೊನೆಗೆ, "ಸಿಸ್ಟರ್, ಈ ಮುಲಾಮು ಮೂಗಿಗೆ ಹಚ್ಕೊಂಡ್ರೆ ಕಾಫಿ ರುಚೀನೇ ಗೊತ್ತಾಗಲ್ವಾ?" ಎಂದರು.

"ಮೊದಲು ಹಾಗೇ ಸಾರ್. ಕಾಫಿ ಕುಡಿದ ಮೇಲೆ ಹಚ್ಕೊಳ್ಳಿ."

"ಹ್ಞೂಂ," ಎಂದರು. "ಮನೆಯವಳು ಮೊಮ್ಮಗಳನ್ನ ಎತ್ಕೊಳ್ಳಿ ಅಂತಾಳೆ. ನಾನು ಎತ್ಕೊಂಡಿಲ್ಲ."

"ಕೈ ತೊಳ್ಕೊಂಡು ಎತ್ಕೊಳ್ಳಿ ಸಾರ್. ಆರೋಗ್ಯವಾಗಿರೋ ಮಗು, ಏನಾಗಲ್ಲ," ಎಂದೆ.

ಪಾಪ, ಒಬ್ಬರೇ ಕೂತು ಏನೇನು ಯೋಚಿಸುತ್ತಿದ್ದಾರೋ. ಆಗಾಗ ಫೋನ್ ಮಾಡಿ ವಿಚಾರಿಸಬೇಕು.

ಜನವರಿ 28, ಸೋಮವಾರ

ನನ್ನ ಸ್ವ್ಯಾಬ್: ಇಲ್ಲ. ಮೊದಲನೆಯದು. ವಾರ್ಡಿನಲ್ಲಿ ಹೊಸದಾಗಿ ಯಾವ ಕೂಸಿಗೂ ಬಂದಿಲ್ಲ.

ಎಲ್ಲರೂ ಸಂತೋಷಪಟ್ಟರು. ನನಗೆ ನಂಬಿಕೆ ಬರುತ್ತಿಲ್ಲ. ಅದು ಎಲ್ಲೋ ಮೂಲೆಯಲ್ಲಿ ಅಡಗಿದ್ದರೆ? ಮೊನ್ನೆ ಮನೆಯಲ್ಲೇ ಆದ ಸೀಮಂತದಲ್ಲಿ ಮಗಳಿಗೆ ಉಡಿ ತುಂಬಿದವರು ಬೇರೆಯವರು. ನಾನು ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ.

ಫೆಬ್ರುವರಿ 4, ಸೋಮವಾರ

ಎರಡನೆಯದೂ ಇಲ್ಲ ಎಂದು ಬಂದಿದೆ. ಮೂರನೆಯದನ್ನು ಕೊಡಲು ಇವತ್ತು ಲ್ಯಾಬಿಗೆ ಹೋಗಿದ್ದೆ. ಹೊರಗೆ ಬರುವಾಗ ಮೆಟ್ಟಿಲ ಬಳಿ ಆ ಬಾಣಂತಿ ಎದುರಾದಳು. ತಲೆಗೆ ಅದೇ ಬಟ್ಟೆ, ಕೈಯಲ್ಲಿ ಕೌದಿಯ ಗಂಟು. ಗಂಟಿನೊಳಗೆ ಕೂಸು. ಮನೆಗೆ ಕಳಿಸಿದ್ದಾರೆ. ಗಂಡ ಆಟೋ ತರಲು ಹೋಗಿದ್ದ.

"ನೀವ ಅಲ್ರೀ ಆವತ್ತು ಡಾಕ್ಟರ್ ಜೋಡಿ ಜಗಳಾಡಿದವ್ರು?" ಎಂದಳು.

ಜಗಳವಲ್ಲ ಎಂದೆ. ಅವಳು ನಕ್ಕಳು. ಪಾರವ್ವನಿಗೆ ಇಪ್ಪತ್ತು ಇಪ್ಪತ್ತೊಂದು ಇರಬಹುದು. ಸೆರಗು ಸರಿಮಾಡಿಕೊಳ್ಳಬೇಕಿತ್ತೇನೋ, ಕೂಸನ್ನು ನನ್ನ ಕಡೆ ಚಾಚಿದಳು. "ಒಂಚೂರು ಹಿಡೀರಿ ಅವ್ವಾರ."

ನಾನು ಹಿಂದಕ್ಕೆ ಸರಿದೆ. "ಬೇಡಮ್ಮ. ನಾನು ಮುಟ್ಟೋ ಹಾಗಿಲ್ಲ. ನಿನ್ನ ಕೂಸಿಗೆ ಬಂದಿತ್ತಲ್ಲ, ಅದೇ ನನಗೂ ಇತ್ತು. ಹೋಗಿದೆಯೋ ಇಲ್ವೋ ಇನ್ನೂ ಗೊತ್ತಿಲ್ಲ."

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಭಯಪಡುತ್ತಾಳೆ ಎಂದು ಕಾದೆ.

"ಇದಕ್ಕೂ ಅದ ಇತ್ತಲ್ರೀ," ಎಂದಳು. "ಇದನ್ನ ಒಯ್ದು ಮನ್ಯಾಗ ಹೊರಗ ಇಡ್ಲೇನು? ಮನಿಗೆ ಹೋದಮ್ಯಾಲೆ ಎತ್ಕೋ, ಹಾಲ್ ಕುಡಿಸು, ಕೈ ಅಷ್ಟ ತೊಳ್ಕೋ ಅಂದಾರ ಲ್ಯಾಬಿನ ಡಾಕ್ಟರ್ ಅವ್ವಾರು. ನಿಮಗ ಹೇಳಿಲ್ಲೇನ್ರಿ?"

ಹೇಳಿದ್ದರು. ಜನವರಿ ಎರಡನೇ ತಾರೀಖು ಹೇಳಿದ್ದರು.

ಲ್ಯಾಬಿನ ಬಾಗಿಲ ಪಕ್ಕದ ನಲ್ಲಿಯಲ್ಲಿ ಕೈ ತೊಳೆದೆ, ನಿಧಾನವಾಗಿ, ಒಂದೇ ಸಲ. ಬಂದು ಕೈ ಚಾಚಿದೆ. ಬೆಚ್ಚಗಿತ್ತು. ಇಷ್ಟೇ ಇಷ್ಟು ಭಾರ. ಹಣೆಯಲ್ಲಿ ದೊಡ್ಡ ಕಾಡಿಗೆ ಬೊಟ್ಟು, ಸೂಜಿ ಚುಚ್ಚಿ ಚುಚ್ಚಿ ಕೈಯೆಲ್ಲ ನೀಲಿ. ನನ್ನನ್ನು ನೋಡಿ ಆಕಳಿಸಿತು. ಪಾರವ್ವ ಸೆರಗು ಸಿಕ್ಕಿಸಿಕೊಂಡಳು, ಬಳೆ ಸರಿಮಾಡಿಕೊಂಡಳು, ಮೆಟ್ಟಿಲ ಮೇಲೆ ಕೂತು ಚೀಲ ಕಟ್ಟಿದಳು. ಆಟೋ ಬಂತು. ಗಂಡ ಕೂಗಿದ. ನಾನು ಕೊಡಲಿಲ್ಲ, ಅವಳೇ ಮೆಲ್ಲಗೆ ನನ್ನ ತೋಳಿನಿಂದ ಬಿಡಿಸಿಕೊಂಡಳು.

ಫೆಬ್ರುವರಿ 11, ಸೋಮವಾರ

ಬೆಳಗಿನಿಂದ ಐಶ್ವರ್ಯಾಗೆ ನೋವು ಶುರುವಾಗಿದೆ. ವಿಜಯನಗರಕ್ಕೆ ಹೊರಟಿದ್ದೇವೆ. ಇವರು ಚೀಲ ಹಿಡಿದು ಗೇಟಿನಲ್ಲಿ ಕೂಗುತ್ತಿದ್ದಾರೆ. ಮೂರನೇ ಸ್ವ್ಯಾಬ್ ಏನಾಯಿತೆಂದು ಕೇಳಲು ಮರೆತೇಹೋಗಿದೆ. ನಡುಮನೆಯಿಂದ ಅವಳು "ಅಮ್ಮಾ, ಕೈ ಕೊಡು" ಎನ್ನುತ್ತಿದ್ದಾಳೆ. ಹೋಗಬೇಕು.